ನಾಲ್ಕು ನಾಯಿಗೆ ನಾಲ್ಕು ಜಿಪಿಎಸ್: ತೋಟದಲ್ಲಿ ಬಳಸಿದ ಮೇಲೆ

ಒಂದೇ ನಾಯಿ ಸಾಕಿದವರು ಬರೆದ ರಿವ್ಯೂ ಓದಿ ನಾಲ್ಕು ನಾಯಿಗೆ ಟ್ರ್ಯಾಕರ್ (ಕೊರಳಿಗೆ ಕಟ್ಟಿದರೆ ನಾಯಿ ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಸಾಧನ) ಕೊಳ್ಳಬೇಡಿ. ಲೆಕ್ಕವೇ ಬೇರೆ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಕರಿಯ, ಟೈಗರ್, ರಾಣಿ, ಪುಟ್ಟಿ ಅಂತ ನಾಲ್ಕು ನಾಯಿ. ರಾತ್ರಿ ಹಂದಿ ವಾಸನೆ ಸಿಕ್ಕರೆ ಸಾಕು, ಒಟ್ಟಿಗೆ ಕಿತ್ತುಕೊಂಡು ಓಡುತ್ತವೆ. ಚಿರತೆ ಭಯ ಇದ್ದೇ ಇದೆ, ಅದಕ್ಕಿಂತ ಜಾಸ್ತಿ ಭಯ ಹಂದಿಗೆ ಅಂತ ಯಾರೋ ಇಟ್ಟ ಉರುಳಿನದ್ದು. ಹಾಗಾಗಿ ಸಿಮ್ ಹಾಕುವ ಟ್ರ್ಯಾಕರ್ ನಾಲ್ಕು ತರಿಸಿದೆವು. ಕಂಪನಿ ಹೆಸರು ಬೇಡ. ಸಿಮ್ ಮೇಲೆ ನಡೆಯುವ ಯಾವುದನ್ನು ತಂದರೂ ನನ್ನ ತಕರಾರು ಹೆಚ್ಚುಕಮ್ಮಿ ಇದೇ ಇರುತ್ತಿತ್ತು.

ದೊಡ್ಡ ತಕರಾರು ಟವರಿನದ್ದು. ಉಪಗ್ರಹದ ಸಿಗ್ನಲ್ ಹಿಡಿದು ತಾನೆಲ್ಲಿದ್ದೇನೆ ಅಂತ ಟ್ರ್ಯಾಕರ್ ಲೆಕ್ಕ ಹಾಕಿಕೊಳ್ಳುತ್ತದೆ, ಸರಿ. ಅದನ್ನು ನಮ್ಮ ಫೋನಿಗೆ ತಿಳಿಸಬೇಕಲ್ಲ? ಅದಕ್ಕೆ ಮೊಬೈಲ್ ನೆಟ್‌ವರ್ಕ್ ಬೇಕು. ನಾಯಿ ಹಳ್ಳಕ್ಕೆ ಇಳಿದ ಕೂಡಲೇ ಅದಿಲ್ಲ. ನಾಯಿ ಪಕ್ಕದ ಎಸ್ಟೇಟಿನಲ್ಲಿದ್ದರೂ ಮ್ಯಾಪಿನಲ್ಲಿ ಅದರ ಚುಕ್ಕಿ ನಮ್ಮ ಗೇಟಿನ ಹತ್ತಿರವೇ ನಿಂತಿರುತ್ತದೆ. ಉಪಗ್ರಹದ ಸಿಗ್ನಲ್ಲಿಗೂ ಮೇಲೆ ಸಿಲ್ವರ್ ಓಕ್ ಮರಗಳು, ಸುತ್ತ ಗುಡ್ಡ ಅಡ್ಡ, ಹಾಗಾಗಿ ಜಗಲಿಯಲ್ಲಿ ಮಲಗಿರುವ ರಾಣಿಯನ್ನು ಒಮ್ಮೊಮ್ಮೆ ರಸ್ತೆಯಲ್ಲಿ ತೋರಿಸುತ್ತದೆ.

ಸಿಮ್ ವಿಷಯ ಕೊಳ್ಳುವ ಮೊದಲೇ ಕೇಳಿ. ಅಗ್ಗದ ಮಾಡೆಲ್‌ಗಳಲ್ಲಿ ಹಲವು 2ಜಿ ಮಾತ್ರ, ಜಿಯೋಗೆ 2ಜಿ ಇಲ್ಲ, ಅಂದರೆ ಅವಕ್ಕೆ ಜಿಯೋ ಸಿಮ್ ಹಾಕಿ ಪ್ರಯೋಜನವಿಲ್ಲ. ಡೇಟಾ ಖರ್ಚಾಗುವುದು ಚೂರೇ ಚೂರು. ಆದರೆ ವ್ಯಾಲಿಡಿಟಿಗೋಸ್ಕರ ನಾಲ್ಕು ಸಿಮ್ಮಿಗೂ ರೀಚಾರ್ಜ್ ಮಾಡಿಸುತ್ತಲೇ ಇರಬೇಕು.

ಇನ್ನು ಬ್ಯಾಟರಿ. ಹತ್ತು ಸೆಕೆಂಡಿಗೊಮ್ಮೆ ಜಾಗ ತಿಳಿಸು ಅಂದರೆ ಬೇಗ ಖಾಲಿ. ಐದು ನಿಮಿಷಕ್ಕೊಮ್ಮೆ ಸಾಕು ಅಂದರೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡುವ ನಾಯಿ ಅಷ್ಟರಲ್ಲಿ ಎರಡೂವರೆ ಕಿ.ಮೀ. ದಾಟಿರುತ್ತದೆ. ಟವರ್ ಹುಡುಕಿ ಹುಡುಕಿಯೇ ಇನ್ನಷ್ಟು ಚಾರ್ಜ್ ಇಳಿಯುತ್ತದೆ. ನಾಲ್ಕನ್ನೂ ದಿನಾ ಬಿಚ್ಚಿ, ಚಾರ್ಜಿಗಿಟ್ಟು, ಕೆಸರು ಒರೆಸಿ ಮತ್ತೆ ಕಟ್ಟುವ ಕೆಲಸ ಯಾರದ್ದು ಅಂತ ಮನೆಯಲ್ಲಿ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಆ್ಯಪ್ ಮಾಡಿದವರು ಬಹುಶಃ ನಾಯಿ ಸಾಕಿಲ್ಲ. ನಾಲ್ಕು ಚುಕ್ಕಿಗೂ ಒಂದೇ ಬಣ್ಣ, ಒಟ್ಟಿಗಿದ್ದರೆ ಒಂದರ ಮೇಲೊಂದು. ಮ್ಯಾಪಿನಲ್ಲಿ ನಾವು ಗುರುತು ಹಾಕಿದ ಬೇಲಿ ದಾಟಿದರೆ ಅಲರ್ಟ್ ಬರುತ್ತದೆ, ನಡುರಾತ್ರಿ ನಾಲ್ಕೂ ಒಟ್ಟಿಗೆ, ಅದರಲ್ಲಿ ನಾಯಿಯ ಹೆಸರಿಲ್ಲ, ಸಾಧನದ ಉದ್ದನೆಯ ನಂಬರ್ ಮಾತ್ರ!

ಇಷ್ಟೆಲ್ಲ ಬೈದರೂ ಪೂರ್ತಿ ತೆಗೆದಿಲ್ಲ, ಯಾಕೆಂದರೆ ಓಡಾಡಿದ ದಾರಿ ತೋರಿಸುವ ಹಿಸ್ಟರಿ ನಿಜಕ್ಕೂ ಚೆನ್ನಾಗಿದೆ. ಕರಿಯ ಬೆಳಿಗ್ಗೆ ಪಕ್ಕದ ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಹೋಗಿ ಇನ್ನೊಂದು ತಿಂಡಿ ಮುಗಿಸಿ ಬರುತ್ತಾನೆ ಅಂತ ಗೊತ್ತಾಗಿದ್ದು ಅದರಿಂದಲೇ. ಇನ್ನೊಂದು ಸಂಗತಿಯೂ ತಿಳಿಯಿತು. ಮುಂದೆ ಓಡುವುದು ಕರಿಯ ಅಥವಾ ಟೈಗರ್, ರಾಣಿ ಅವರ ಹಿಂದೆ, ಪುಟ್ಟಿ ಅರ್ಧ ದಾರಿಗೇ ವಾಪಸ್. ಹಾಗಾದರೆ ಎಲ್ಲರಿಗೂ ಯಾಕೆ? ಈಗ ಮುಂದಾಳುಗಳಿಬ್ಬರಿಗೆ ಮಾತ್ರ ಟ್ರ್ಯಾಕರ್. ಉಳಿದವರಿಗೆ ಗಂಟೆ, ಮತ್ತೆ ನಮ್ಮ ಫೋನ್ ನಂಬರ್ ಬರೆದ ಕೊರಳಪಟ್ಟಿ.

ಆಪಲ್ ಕಂಪನಿಯ ಪುಟ್ಟ ಏರ್‌ಟ್ಯಾಗ್ ಸಾಲದೇ ಅಂತ ಕೇಳುವವರಿಗೆ: ಅದರಲ್ಲಿ ಜಿಪಿಎಸ್ ಇಲ್ಲ, ಬ್ಲೂಟೂತ್ ಮೇಲೆ ನಡೆಯುತ್ತದೆ. ಸುತ್ತಮುತ್ತ ಯಾರದ್ದಾದರೂ ಐಫೋನ್ ಇದ್ದರೆ ಜಾಗ ಗೊತ್ತಾಗುತ್ತದೆ. ಬೆಂಗಳೂರಿನ ಲೇಔಟಿಗೆ ಸರಿ, ಹಳ್ಳದಲ್ಲಿ ಐಫೋನ್ ಹಿಡಿದು ಯಾರು ಕೂತಿರುತ್ತಾರೆ? ಅಮೆರಿಕದ ಬೇಟೆಗಾರರು ಬಳಸುವ ಗಾರ್ಮಿನ್ ಆಲ್ಫಾ ಅನ್ನುವ ಟ್ರ್ಯಾಕರ್ ನಮ್ಮಂಥ ಜಾಗಕ್ಕೆ ಹೇಳಿ ಮಾಡಿಸಿದ್ದು. ರೇಡಿಯೊ ಮೇಲೆ ನಡೆಯುತ್ತದೆ, ಟವರ್ ಬೇಡ, ಒಂದೇ ಸ್ಕ್ರೀನಿನಲ್ಲಿ 20 ನಾಯಿ ತನಕ ನೋಡಬಹುದು. ಆದರೆ ಬೆಲೆ ಕೈಗೆಟುಕುವಂಥದ್ದಲ್ಲ. ರೇಡಿಯೊ ತರಂಗಕ್ಕೆ ಒಂದೊಂದು ದೇಶದ ನಿಯಮ ಒಂದೊಂದು ಥರ, ಅಲ್ಲಿಂದ ತಂದು ಇಲ್ಲಿ ಸುಮ್ನೆ ಆನ್ ಮಾಡುವ ಹಾಗಿಲ್ಲ.

ಕೊಳ್ಳುವ ಯೋಚನೆ ಇದ್ದರೆ, ನಿಮ್ಮ ನಾಯಿಗಳು ಹೋಗುವ ಕಡೆಗೆಲ್ಲ ಫೋನ್ ಹಿಡಿದು ಒಮ್ಮೆ ನಡೆದು ಬನ್ನಿ. ಸಿಗ್ನಲ್ ಸಿಕ್ಕರೆ ತಗೊಳ್ಳಿ, ಇಲ್ಲದಿದ್ದರೆ ಬೇಡ. ನಮ್ಮಲ್ಲಿ ಮಿಕ್ಕ ಎರಡರಲ್ಲಿ ಒಂದನ್ನು ಜೀಪಿಗೆ ಹಾಕಿದ್ದೇವೆ. ಇನ್ನೊಂದು ಯಾರಿಗಾದರೂ ಬೇಕಿದ್ದರೆ ಹೇಳಿ, ಕಡಿಮೆ ಬೆಲೆಗೆ ಕೊಡುತ್ತೇನೆ.