ಒಂದೇ ಬ್ಯಾಂಗರ್, ಮೂರು ಇಗ್ನಿಷನ್, ನಾಲ್ಕು ಕಾರ್ಬೊರೇಟರ್

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಮನೆಗೆ ಮೌಂಟ್ ಹ್ಯಾಮಿಲ್ಟನ್ ಘಾಟಿ ಹತ್ತಿರ. ತುದಿಯಲ್ಲಿ ಲಿಕ್ ವೀಕ್ಷಣಾಲಯ ಇದೆ, ಎತ್ತರ ಸುಮಾರು 4,200 ಅಡಿ. ಅದನ್ನು ಕಟ್ಟುವ ಸಾಮಾನು ಸಾಗಿಸಲು 1876ರ ಹೊತ್ತಿಗೆ ಮಾಡಿದ ರಸ್ತೆ ಇದು. ಕುದುರೆ ಗಾಡಿ ಹತ್ತಬೇಕಿತ್ತು, ಹಾಗಾಗಿ ಏರು ಎಲ್ಲೂ ವಿಪರೀತ ಇಲ್ಲ, ಅದರ ಬದಲು ತಿರುವುಗಳು ಲೆಕ್ಕವಿಲ್ಲದಷ್ಟು. ಸ್ಮಿತ್ ಕ್ರೀಕ್ ಹಳ್ಳ ದಾಟಿದ ಮೇಲೆ ತುದಿ ಸೇರುವವರೆಗೂ ಬಿಡದೆ ಹತ್ತಬೇಕು. ಹಳೇ ಫೋರ್ಡ್ ಮಾಡೆಲ್ ಎ ಎಂಜಿನ್ನಿನ ಸತ್ಯ ಆ ಏರಿನಲ್ಲಿ ಗೊತ್ತಾಗುತ್ತದೆ.

ನನ್ನದು 1930ರ ಕೂಪೆ. 200 ಘನ ಇಂಚಿನ ನಾಲ್ಕು ಸಿಲಿಂಡರ್, ಕಾರ್ಖಾನೆಯಿಂದ ಬಂದಾಗ 40 ಕುದುರೆ ಶಕ್ತಿ, ಕಂಪ್ರೆಶನ್ 4.22. ಹಾಟ್ ರಾಡ್ ಮಾಡುವವರು ಇದನ್ನು ಪ್ರೀತಿಯಿಂದ ಬ್ಯಾಂಗರ್ ಅಂತಾರೆ. ನಾನು 6ರ ಆಸುಪಾಸಿನ ಕಂಪ್ರೆಶನ್ ಕೊಡುವ ಸಿಲಿಂಡರ್ ಹೆಡ್ ಹಾಕಿದ್ದೇನೆ, ವಾಲ್ವ್ ತೆರೆಯುವ ಕ್ಯಾಮ್ ಕೂಡ ಮೂಲದ್ದಕ್ಕಿಂತ ಸ್ವಲ್ಪ ಚುರುಕಿನದು. ಎರಡು ವರ್ಷದಲ್ಲಿ ಇದೇ ಎಂಜಿನ್ ಮೇಲೆ ಮೂರು ಥರದ ಇಗ್ನಿಷನ್ (ಕಿಡಿ ಕೊಡುವ ವ್ಯವಸ್ಥೆ), ನಾಲ್ಕು ಥರದ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವುದು) ಕಟ್ಟಿ ಅದೇ ಘಾಟಿ ಹತ್ತಿಸಿದೆ. ಎಕ್ಸಾಸ್ಟ್‌ನಲ್ಲಿ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್, ಡ್ಯಾಶ್‌ನಲ್ಲಿ ವ್ಯಾಕ್ಯೂಮ್ ಮೀಟರ್, ಕೆಳಗಿಳಿದ ಕೂಡಲೇ ನಾಲ್ಕೂ ಪ್ಲಗ್ ಬಿಚ್ಚಿ ನೋಡುವುದು. ಇಷ್ಟೇ ನನ್ನ ಪ್ರಯೋಗಶಾಲೆ.

ಮೊದಲು ಇಗ್ನಿಷನ್ ಮಾತು. ಯಾಕೆಂದರೆ ನಾನು ಮಾಡಿದ ದೊಡ್ಡ ತಪ್ಪು ಅಲ್ಲೇ ಇದೆ. ಸ್ಟ್ರಾಂಬರ್ಗ್ ಅನ್ನುವ ಕಾರ್ಬೊರೇಟರ್ ಹಾಕಿದ ಹೊಸದರಲ್ಲಿ ಗಾಡಿ ಬಿಸಿಯಾದ ಮೇಲೆ 2,000 ಆರ್‌ಪಿಎಂ ದಾಟಿದರೆ ಮಿಸ್ಸಿಂಗ್ ಹೊಡೆಯುತ್ತಿತ್ತು. ಕಾರ್ಬೊರೇಟರ್ ಹೊಸದು, ತಪ್ಪು ಅದರದ್ದೇ ಇರಬೇಕು ಅಂದುಕೊಂಡೆ. ಮೂರು ವಾರಾಂತ್ಯ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಬದಲಾಯಿಸಿದೆ, ಒಳಗಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಏರಿಸಿದೆ, ಇಳಿಸಿದೆ. ಒಂದು ದಿನ ದಾರಿಬದಿ ನಿಲ್ಲಿಸಿ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಬಿಡಿಸಿ ನೋಡಿದರೆ, ಒಂದು ಕಡೆ ಗುಳಿ, ಇನ್ನೊಂದು ಕಡೆ ಸಣ್ಣ ಗುಡ್ಡ, ಮೇಲೆಲ್ಲ ಬೂದಿ ಬಣ್ಣ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಬಿಸಿಯಾದಾಗ ಕೈ ಕೊಡುತ್ತಿತ್ತು. ಇಪ್ಪತ್ತು ನಿಮಿಷ ತಣ್ಣಗಾದರೆ ಮತ್ತೆ ಸರಿ, ಅದಕ್ಕೇ ಮನೆಯಲ್ಲಿ ಪರೀಕ್ಷಿಸಿದಾಗ ಸಿಕ್ಕಿಬೀಳುತ್ತಿರಲಿಲ್ಲ. ಅದೂ ಹೊಸದಾಗಿ ಕೊಂಡ ಕಂಡೆನ್ಸರ್. ಅಪ್ಪನ ಗ್ಯಾರೇಜಿನಲ್ಲಿ ಅಂಬಾಸಿಡರ್ ಪಾಯಿಂಟ್‌ಗಳನ್ನು ಉಜ್ಜುತ್ತಾ ಬೆಳೆದವನು ನಾನು, ಇದು ಮೊದಲೇ ಹೊಳೆಯಬೇಕಿತ್ತು. ಹಳೇ ಗಾಡಿಯಲ್ಲಿ ಕಾರ್ಬೊರೇಟರ್ ಕಾಯಿಲೆ ಅಂತ ಕಾಣುವ ಬಹುಪಾಲು ತೊಂದರೆ ಕಿಡಿಯದ್ದೇ. ಕಿಡಿ ಗಟ್ಟಿ ಇದೆ ಅಂತ ಖಾತ್ರಿಯಾಗುವ ತನಕ ಜೆಟ್ ಮುಟ್ಟಬೇಡಿ.

ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ಟೈಮಿಂಗ್, ಅಂದರೆ ಕಿಡಿ ಬರುವ ಹೊತ್ತು, ಮುಂದೆ ಹಿಂದೆ ಮಾಡುವುದು ಕೈಯಲ್ಲೇ. ಸ್ಟಿಯರಿಂಗ್ ಎಡಕ್ಕೆ ಒಂದು ಸಣ್ಣ ಸನ್ನೆ. ಮೇಲಿದ್ದರೆ ಪೂರ್ತಿ ಹಿಂದೆ, ಕೆಳಗೆ ಎಳೆದಷ್ಟೂ ಕಿಡಿ ಬೇಗ, ಒಟ್ಟು ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 40 ಡಿಗ್ರಿ. ಸ್ಟಾರ್ಟ್ ಮಾಡುವಾಗ ಮೇಲೇ ಇರಬೇಕು. ಕೆಳಗಿಟ್ಟು ಹ್ಯಾಂಡಲ್ ಹೊಡೆದರೆ ಎಂಜಿನ್ ತಿರುಗಿ ಒದೆಯುತ್ತದೆ, ಮಣಿಕಟ್ಟು ಮುರಿದುಕೊಂಡವರಿದ್ದಾರೆ. ಟೈಮಿಂಗ್ ಇಡುವ ರೀತಿ ನನಗೆ ಬಹಳ ಇಷ್ಟ. ಎಂಜಿನ್ ಮುಂದಿನ ಮುಚ್ಚಳದಲ್ಲಿ ಒಂದು ಪಿನ್ ಇದೆ. ಅದನ್ನು ಬಿಚ್ಚಿ ತಿರುಗಿಸಿ ಒತ್ತಿಹಿಡಿದು ನಿಧಾನ ಹ್ಯಾಂಡಲ್ ತಿರುಗಿಸಿದರೆ, ಒಂದನೇ ಪಿಸ್ಟನ್ ತುದಿಗೆ ಬಂದಾಗ ಕ್ಯಾಮ್ ಗೇರಿನ ಗುಳಿಯೊಳಗೆ ಪಿನ್ ಟಕ್ ಅಂತ ಕೂರುತ್ತದೆ. ಅದು ಬೆರಳಿಗೇ ಗೊತ್ತಾಗುತ್ತದೆ. ಪಾಯಿಂಟ್ ಗ್ಯಾಪ್ 18ರಿಂದ 22 ಥೌ (ಇಂಚಿನ ಸಾವಿರದ ಒಂದು ಪಾಲು).

ಇದರಲ್ಲಿ ನನಗಿದ್ದ ತೊಂದರೆ ಎರಡು. ಒಂದು, ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಶ್ ಸವೆದಿದ್ದರೆ ಒಂದು ಮೂಲೆಯಲ್ಲಿ 20 ಇಟ್ಟ ಗ್ಯಾಪ್ ಇನ್ನೊಂದರಲ್ಲಿ 15 ಬರುತ್ತದೆ, ಅಂದರೆ ನಾಲ್ಕು ಸಿಲಿಂಡರಿಗೂ ನಾಲ್ಕು ಟೈಮಿಂಗ್. ಬುಶ್ ಹೊಸದು ಹಾಕಿದ ಮೇಲೆ ಐಡಲ್‌ನಲ್ಲಿ ವ್ಯಾಕ್ಯೂಮ್ ಮುಳ್ಳಿನ ನಡುಕವೇ ನಿಂತಿತು. ಇನ್ನೊಂದು, ಕಂಪ್ರೆಶನ್ ಹೆಚ್ಚಿಸಿದ ಎಂಜಿನ್ನಿಗೆ 40 ಡಿಗ್ರಿ ಬೇಕಿಲ್ಲ. ಒತ್ತಡ ಜಾಸ್ತಿಯಾದರೆ ಬೆಂಕಿ ಬೇಗ ಹರಡುತ್ತದೆ, ಹಾಗಾಗಿ ಕಿಡಿ ಅಷ್ಟು ಮುಂಚೆ ಬರಬಾರದು. ಸನ್ನೆ ಪೂರ್ತಿ ಎಳೆದು ಏರು ಹತ್ತಿದರೆ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ನಾಕಿಂಗ್. ತಿರುವು, ಗೇರು, ಎದುರಿಗೆ ಬರುವ ಸೈಕಲ್ಲುಗಳು, ಇದರ ಮಧ್ಯೆ ಸನ್ನೆಯ ಮೇಲೂ ಕಣ್ಣಿಡಬೇಕು.

ಎರಡನೆಯದು ಮಾಡೆಲ್ ಬಿ ಡಿಸ್ಟ್ರಿಬ್ಯೂಟರ್. 1932ರಲ್ಲಿ ಬಂದ ಮಾಡೆಲ್ ಬಿ ಎಂಜಿನ್ನಿನಲ್ಲಿ ಫೋರ್ಡ್ ಒಳಗೇ ತೂಕದ ಬಟ್ಟುಗಳನ್ನು ಇಟ್ಟಿತು. ಸ್ಪೀಡ್ ಏರಿದಂತೆ ಅವು ಹೊರಗೆ ಚಾಚಿ ಟೈಮಿಂಗ್ ತಾವೇ ಮುಂದೆ ಮಾಡುತ್ತವೆ. ಇದರ ಟೈಮಿಂಗನ್ನು, ಪ್ರತಿ ಕಿಡಿಗೂ ಮಿಂಚುವ ಟೈಮಿಂಗ್ ಲೈಟ್ ಹಿಡಿದು ಇಡಬೇಕು. ಮಾಡೆಲ್ ಎ ಪ್ಲಗ್‌ಗಳಿಗೆ ವೈರ್ ಇಲ್ಲ, ಹಿತ್ತಾಳೆ ಪಟ್ಟಿ. ಲೈಟಿನ ಕ್ಲಿಪ್ ಅದಕ್ಕೆ ಕೂರುವುದಿಲ್ಲ. ಒಂದನೇ ಪ್ಲಗ್‌ಗೆ ಗೇಣುದ್ದ ವೈರ್ ಕಟ್ಟಿದೆ, ಪುಲ್ಲಿಗೆ ಬಿಳಿ ಗೀಟು ಎಳೆದೆ, ಗಾಡಿಯದು 6 ವೋಲ್ಟ್ ಆದ್ದರಿಂದ ಲೈಟಿಗೆ ಬೇರೆ 12 ವೋಲ್ಟ್ ಬ್ಯಾಟರಿ ಇಟ್ಟುಕೊಂಡೆ. ಟೈಮಿಂಗನ್ನು 32, 30, 28, 26 ಡಿಗ್ರಿ ಎಂದು ಇಳಿಸುತ್ತಾ ನಾಲ್ಕು ಸಲ ಹತ್ತಿಸಿದೆ. ನನ್ನ ಹೆಡ್‌ಗೆ ಒಟ್ಟು 28 ಸರಿಹೋಯಿತು. 32ರಲ್ಲಿ ಸದ್ದು ಇತ್ತು, 26ರಲ್ಲಿ ಸದ್ದಿಲ್ಲ, ಆದರೆ ಸ್ಮಿತ್ ಕ್ರೀಕ್ ಆದ ಮೇಲೆ ಟೆಂಪರೇಚರ್ ಬೇಗ ಏರಿತು. 28ರಲ್ಲಿ ಟಾಪ್ ಗೇರಿನಲ್ಲೇ ಎಳೆದ ತಿರುವುಗಳನ್ನು ಹಳೇ ಡಿಸ್ಟ್ರಿಬ್ಯೂಟರಿನಲ್ಲಿ ನಾನು ಸೆಕೆಂಡಿಗೆ ಹಾಕಿಯೇ ದಾಟುತ್ತಿದ್ದೆ. ದುಡ್ಡು ಒಂದಕ್ಕೇ ಇದೆ ಅನ್ನುವವರು ಕಾರ್ಬೊರೇಟರ್ ಬಿಟ್ಟು ಇದನ್ನು ಕೊಳ್ಳಿ.

ಮೂರನೆಯದು ಎಲೆಕ್ಟ್ರಾನಿಕ್. ಹಳೇ ಡಿಸ್ಟ್ರಿಬ್ಯೂಟರ್ ಒಳಗೇ ಪಾಯಿಂಟ್ ತೆಗೆದು ಕೂರಿಸುವ ಮಾಡ್ಯೂಲ್. ಇದರ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಇದು ಪಾಯಿಂಟ್ ಸವೆತ ತಪ್ಪಿಸುತ್ತದೆ ಅಷ್ಟೇ, ಟೈಮಿಂಗ್ ಮುಂದೆ ಮಾಡುವ ಕೆಲಸ ಮತ್ತೆ ಆ ಕೈಸನ್ನೆಯದ್ದೇ. ಓಡುವಾಗ ಮಾತ್ರ ಚೆನ್ನ, ಸದ್ದು ತುಂಬಾ ನುಣುಪು. ಆದರೆ 6 ವೋಲ್ಟ್ ಬ್ಯಾಟರಿ ಇರುವ ಗಾಡಿಯಲ್ಲಿ ಚಳಿಯ ಬೆಳಗ್ಗೆ ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು ಮಾಡ್ಯೂಲ್ ಏಳುತ್ತಿರಲಿಲ್ಲ. ಎಂಜಿನ್ ತಿರುಗುತ್ತದೆ, ಕಿಡಿ ಇಲ್ಲ. ಗುಂಡಿ ಬಿಟ್ಟ ಕ್ಷಣಕ್ಕೆ ಒಂದು ಸಲ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಕೇಬಲ್ ದಪ್ಪದ್ದು ಹಾಕಿ, ಅರ್ತ್ ಜಾಗ ಉಜ್ಜಿ ಅದನ್ನು ಸರಿಮಾಡಿದೆ. ಏಳನೇ ತಿಂಗಳಿಗೆ ಘಾಟಿ ದಾರಿಯ ಗ್ರ್ಯಾಂಟ್ ರ‍್ಯಾಂಚ್ ಹತ್ತಿರ ಮಾಡ್ಯೂಲ್ ಸತ್ತೇಹೋಯಿತು. ಪಾಯಿಂಟ್ ಆಗಿದ್ದರೆ ಉಗುರು ಉಜ್ಜುವ ಅರದಲ್ಲಿ ಎರಡು ಸಲ ಎಳೆದು ಮನೆಗೆ ಬರಬಹುದು. ಇದರಲ್ಲಿ ಟೋ ಗಾಡಿಗೆ ಕಾಯಬೇಕು. ಗಾಡಿ 12 ವೋಲ್ಟ್‌ಗೆ ಬದಲಾಗಿದ್ದರೆ, ಊರೊಳಗೆ ಮಾತ್ರ ಓಡಿಸುವುದಾದರೆ ಹಾಕಿಕೊಳ್ಳಿ. ಹಾಕಿದರೂ ಒಂದು ಜೊತೆ ಪಾಯಿಂಟ್, ಕಂಡೆನ್ಸರ್ ಸೀಟಿನ ಕೆಳಗೆ ಇರಲಿ.

ಇನ್ನು ಪೆಟ್ರೋಲ್ ಕಡೆ. ಮೂಲ ಜೆನಿತ್ ಕಾರ್ಬೊರೇಟರನ್ನು ಜನ ಸುಮ್ನೆ ಬೈಯುತ್ತಾರೆ. ಅದು ಕೆಳಗಿನಿಂದ ಮೇಲಕ್ಕೆ ಎಳೆಯುವ ಜಾತಿ. ಟ್ಯಾಂಕ್ ವಿಂಡ್‌ಶೀಲ್ಡ್ ಮುಂದೆ ಎತ್ತರದಲ್ಲಿದೆ, ಪೆಟ್ರೋಲ್ ತಾನಾಗಿ ಇಳಿದು ಬರುತ್ತದೆ, ಪಂಪೇ ಬೇಡ. ಫ್ಲೋಟ್ ಕಚ್ಚಿಕೊಂಡು ಓವರ್‌ಫ್ಲೋ ಆದರೆ ಪೆಟ್ರೋಲ್ ಕೆಳಗೆ ರಸ್ತೆಗೆ ತೊಟ್ಟಿಕ್ಕುತ್ತದೆ. ಇದು ಸಣ್ಣ ವಿಷಯ ಅಲ್ಲ, ಯಾಕೆಂದರೆ ಈ ಎಂಜಿನ್ನಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಬಲಗಡೆಗೇ ಇವೆ. ಮೇಲಿನಿಂದ ಸುರಿಯುವ ಕಾರ್ಬೊರೇಟರ್ ಹಾಕಿದರೆ ಅದು ಕಾದ ಎಕ್ಸಾಸ್ಟ್ ನೆತ್ತಿಯ ಮೇಲೆ ಕೂರುತ್ತದೆ. ಅಲ್ಲಿ ಸೋರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಬೆಂಕಿ ಆರಿಸುವ ಸಿಲಿಂಡರ್ ಕಾಲಿನ ಬಳಿಯೇ ಇಟ್ಟುಕೊಳ್ಳಿ.

ಜೆನಿತ್‌ನ ಇನ್ನೊಂದು ಗುಣ ನನಗೆ ಘಾಟಿಯ ತುದಿಯಲ್ಲೇ ಅರ್ಥವಾಗಿದ್ದು. ಸೀಟಿನಿಂದ ಕೈಗೆ ಸಿಗುವ ಚೋಕ್ ಕಡ್ಡಿಯನ್ನು ಎಳೆದರೆ ಚೋಕ್, ತಿರುಗಿಸಿದರೆ ಗಾಳಿ-ಪೆಟ್ರೋಲ್ ಮಿಶ್ರಣ ತೆಳು (ಪೆಟ್ರೋಲ್ ಕಡಿಮೆ), ದಪ್ಪ (ಪೆಟ್ರೋಲ್ ಜಾಸ್ತಿ). 4,200 ಅಡಿಯಲ್ಲಿ ಗಾಳಿ ಸುಮಾರು ಶೇ. 12ರಷ್ಟು ತೆಳು, ಮಿಶ್ರಣ ತಾನಾಗಿ ದಪ್ಪ ಆಗುತ್ತದೆ, ಗಾಡಿ ಮಂಕಾಗುತ್ತದೆ. ಕಡ್ಡಿಯನ್ನು ಸ್ವಲ್ಪ ಬಿಗಿದೆ. ವೈಡ್‌ಬ್ಯಾಂಡ್ ಮೀಟರಿನಲ್ಲಿ 11.8 ಇದ್ದದ್ದು 12.9ಕ್ಕೆ ಬಂತು, ಎಂಜಿನ್ ಹಗುರಾಗಿ ಎಳೆಯಿತು. ಓಡುತ್ತಿರುವಾಗಲೇ ಟೈಮಿಂಗ್, ಮಿಶ್ರಣ ಎರಡನ್ನೂ ಡ್ರೈವರ್ ಕೈಗೆ ಕೊಟ್ಟಿದ್ದ ಗಾಡಿ ಅದು! ಮೈಲೇಜ್ ಕೂಡ ಇದರದ್ದೇ ಜಾಸ್ತಿ, ನನಗೆ ಗ್ಯಾಲನ್‌ಗೆ 17 ಮೈಲಿ. ಆದರೆ ಹೊಸ ಹೆಡ್, ಹೊಸ ಕ್ಯಾಮ್ ಕೇಳುವಷ್ಟು ಗಾಳಿ ಇದರಲ್ಲಿ ಹೋಗುವುದಿಲ್ಲ. 2,000 ಆರ್‌ಪಿಎಂ ಆದ ಮೇಲೆ ಕಾಲು ಒತ್ತಿದಷ್ಟೂ ಸದ್ದು ಮಾತ್ರ.

ಸ್ಟ್ರಾಂಬರ್ಗ್ 97. 1936ರಿಂದ 38ರವರೆಗಿನ ಫೋರ್ಡ್ ವಿ8 (ಎಂಟು ಸಿಲಿಂಡರ್) ಎಂಜಿನ್ನಿಗೆ ಬಂದದ್ದು. ಗಾಳಿ ಹೋಗುವ ಕಿರಿದಾದ ಗಂಟಲಿನ, ಅಂದರೆ ವೆಂಚುರಿಯ ಅಗಲ 0.97 ಇಂಚು, ಅದೇ ಹೆಸರು. ಆ ವಿ8 221 ಘನ ಇಂಚು, ನಮ್ಮ ಬ್ಯಾಂಗರ್ 200. ಅಳತೆ ಹತ್ತಿರ ಹತ್ತಿರ ಇರುವುದರಿಂದ ಒಂದೇ ಒಂದು 97 ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೂಲ ಮೇನ್ ಜೆಟ್ 45 ಹಾಕಿ ಶುರು ಮಾಡಿದೆ. ಇಲ್ಲಿನ ಪೆಟ್ರೋಲ್‌ನಲ್ಲಿ ಶೇ. 10 ಎಥನಾಲ್ ಇರುತ್ತದೆ, ಹಾಗಾಗಿ ತೆಳು ಓಡಿತು, ಸಮತಟ್ಟು ರಸ್ತೆಯಲ್ಲಿ ಸಣ್ಣಗೆ ಜಗ್ಗುತ್ತಿತ್ತು. 47ಕ್ಕೆ ಹೋದ ಮೇಲೆ ಆ ಜಗ್ಗಾಟ ಪೂರ್ತಿ ಹೋಯಿತು. ಪಿಕಪ್ ಜೆನಿತ್‌ಗೆ ಹೋಲಿಸುವಂತೆಯೇ ಇಲ್ಲ.

ಎಚ್ಚರಿಕೆ ಬೇಕಾದ್ದು ಪೆಟ್ರೋಲ್ ಒತ್ತಡದಲ್ಲಿ. ಈ ಕಾರ್ಬೊರೇಟರ್ ಎತ್ತರದಲ್ಲಿ ಕೂರುವುದರಿಂದ ಟ್ಯಾಂಕ್ ಅರ್ಧ ಖಾಲಿಯಾದರೆ ತಾನಾಗಿ ಹರಿದು ಬರುವುದು ಸಾಲದು. ಎಲೆಕ್ಟ್ರಿಕ್ ಪಂಪ್ ಬೇಕು, ಅದರ ಮುಂದೆ ರೆಗ್ಯುಲೇಟರ್ ಬೇಕೇ ಬೇಕು. ನಾನು ಒತ್ತಡ 2.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇಟ್ಟಿದ್ದೇನೆ. ಒಮ್ಮೆ 4 ಇದ್ದದ್ದು ಗಮನಿಸದೆ ಸ್ಟಾರ್ಟ್ ಮಾಡಿದಾಗ ಪೆಟ್ರೋಲ್ ಒಳಬರುವುದನ್ನು ಮುಚ್ಚುವ ನೀಡಲ್ ತಡೆಯಲಾರದೆ ಬಾಯಿಯಿಂದ ಪೆಟ್ರೋಲ್ ಉಕ್ಕಿತು. ಬೇಸಿಗೆಯಲ್ಲಿ ಘಾಟಿ ಹತ್ತಿ ನಿಲ್ಲಿಸಿದರೆ ಒಳಗಿನ ಪೆಟ್ರೋಲ್ ಕುದಿಯುತ್ತದೆ. ಕಾರ್ಬೊರೇಟರ್ ಕೆಳಗೆ ಶಾಖ ದಾಟಲು ಬಿಡದ ಅರ್ಧ ಇಂಚಿನ ಫೀನಾಲಿಕ್ ತುಂಡು, ಎಕ್ಸಾಸ್ಟ್ ಮೇಲೆ ಅಲ್ಯೂಮಿನಿಯಂ ತಗಡು ಇಟ್ಟ ಮೇಲೆ ಆ ಕಾಟ ತಪ್ಪಿತು. ಮೈಲೇಜ್ 15.

ಜೋಡಿ 81 ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರಿಗೂ ಆಸೆ ಇರುವುದು ಇದರ ಮೇಲೆ. 81 ಅಂದರೆ ಸ್ಟ್ರಾಂಬರ್ಗ್‌ನ ತಮ್ಮ, ಸಣ್ಣ ವಿ8-60 ಎಂಜಿನ್ನಿಗೆ ಮಾಡಿದ್ದು, ವೆಂಚುರಿ 0.81 ಇಂಚು. ಎರಡನ್ನು ಸಾಲಾಗಿ ಇಟ್ಟರೆ ನೋಡಲು ಕಣ್ಣಿಗೆ ಹಬ್ಬ. ತೊಂದರೆ ಇರುವುದು ಬ್ಲಾಕಿನಲ್ಲಿ. ಮಾಡೆಲ್ ಎ ಬ್ಲಾಕಿಗೆ ಇನ್‌ಟೇಕ್ ಪೋರ್ಟ್ (ಮಿಶ್ರಣ ಒಳಹೋಗುವ ದಾರಿ) ಎರಡೇ. 1-2 ಸಿಲಿಂಡರಿಗೆ ಒಂದು, 3-4ಕ್ಕೆ ಇನ್ನೊಂದು. ಸಿಲಿಂಡರುಗಳು ಹೊತ್ತುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-2-4-3. ಅಂದರೆ ಮುಂದಿನ ಕಾರ್ಬೊರೇಟರಿನಿಂದ ಒಂದು, ಎರಡು ಬೆನ್ನು ಬೆನ್ನಿಗೆ ಎಳೆಯುತ್ತವೆ, ಆಮೇಲೆ ಸುಮಾರು ಒಂದು ಸುತ್ತು ಅದಕ್ಕೆ ಕೆಲಸವೇ ಇಲ್ಲ. ಹಿಂದಿನದಕ್ಕೂ ಇದೇ ಕಥೆ. ಮೊದಲು ಎಳೆಯುವ ಸಿಲಿಂಡರಿಗೆ ನಿಂತ ಗಾಳಿ ಸಿಗುತ್ತದೆ, ಎರಡನೆಯದಕ್ಕೆ ಓಡುತ್ತಿರುವ ಗಾಳಿ, ಜೊತೆಗೆ ಗೋಡೆಗೆ ಅಂಟಿದ್ದ ಪೆಟ್ರೋಲ್. ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನಲ್ಲೂ ಹೀಗೇ ಹಂಚಿಕೊಳ್ಳುವ ಪೋರ್ಟ್‌ಗಳೇ ಇದ್ದವು. ಎಷ್ಟು ಟ್ಯೂನ್ ಮಾಡಿದರೂ ನಾಲ್ಕು ಪ್ಲಗ್ ಒಂದೇ ಬಣ್ಣಕ್ಕೆ ಬರಲ್ಲ ಅಂತ ಅಪ್ಪ ಹೇಳುತ್ತಿದ್ದದ್ದು ಈಗ ಅರ್ಥವಾಗುತ್ತದೆ.

ಜೋಡಿ 81 ಹಾಕಿ ಮೊದಲ ಸಲ ಹತ್ತಿದಾಗ ವೈಡ್‌ಬ್ಯಾಂಡ್ 12.6 ತೋರಿಸಿತು. ಬಹಳ ಚೆನ್ನಾಗಿದೆ ಅಂತ ಕೆಳಗೆ ಬಂದು ಪ್ಲಗ್ ಬಿಚ್ಚಿದೆ. 1 ಮತ್ತು 4 ಸುಣ್ಣದಂತೆ ಬೆಳ್ಳಗಿದ್ದವು, ಅಂದರೆ ಮಿಶ್ರಣ ತೆಳು; 2 ಮತ್ತು 3 ಮಸಿ ಹಿಡಿದಿದ್ದವು, ಅಂದರೆ ದಪ್ಪ. ಮೀಟರ್ ತೋರಿಸಿದ್ದು ನಾಲ್ಕರ ಸರಾಸರಿ ಅಷ್ಟೇ. ಮೀಟರ್ ನಂಬಿ ಇನ್ನಷ್ಟು ತೆಳು ಮಾಡಿದ್ದರೆ ಒಂದನೇ ಪಿಸ್ಟನ್ ಕರಗುತ್ತಿತ್ತೋ ಏನೋ. ಆಮೇಲೆ ಎರಡೂ ಕಾರ್ಬೊರೇಟರಿನ ಕೆಳಗಿನ ಕೋಣೆಗಳನ್ನು ಮುಕ್ಕಾಲು ಇಂಚಿನ ಕೊಳವೆಯಿಂದ ಜೋಡಿಸಿದೆ. ಆಗ ಕೆಲಸವಿಲ್ಲದೆ ನಿಂತ ಕಾರ್ಬೊರೇಟರ್ ಕೂಡ ಪಕ್ಕದ ಜೋಡಿಗೆ ಕೊಡುತ್ತದೆ. ಬಣ್ಣದ ವ್ಯತ್ಯಾಸ ಅರ್ಧಕ್ಕೆ ಇಳಿಯಿತು, ಐಡಲ್ ಕೂಡ ನೆಟ್ಟಗಾಯಿತು. ಎರಡನ್ನೂ ಸಮ ಮಾಡಲು ಮೀಟರ್ ಕೊಂಡಿದ್ದೆ, ಆದರೆ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರ್ ಬಾಯಿಗೆ ಹಿಡಿದು ಬುಸುಗುಟ್ಟುವ ಸದ್ದು ಸಮ ಮಾಡುವುದೇ ನನಗೆ ಸಲೀಸು. 3,000 ಹತ್ತಿರ ಇದರ ಎಳೆತ ನಾಲ್ಕರಲ್ಲೂ ಮೇಲು. ಆದರೆ ಘಾಟಿಯಲ್ಲಿ ಆ ಸ್ಪೀಡು ಎಲ್ಲಿ ಸಿಗುತ್ತದೆ? 1,200ರಿಂದ 2,200ರ ಮಧ್ಯೆ ಒಂಟಿ 97 ಇದಕ್ಕಿಂತ ವಾಸಿ, ಮೈಲೇಜ್ 13ಕ್ಕೆ ಇಳಿದದ್ದು ಬೇರೆ.

ವೆಬರ್ 32/36 ಬಗ್ಗೆ ಹೇಳುವುದು ಕಡಿಮೆ. ಒಂದು ಬಾಯಿ ಮೊದಲು, ಇನ್ನೊಂದು ಆಮೇಲೆ ತೆರೆಯುತ್ತದೆ. ಜೆಟ್ ಮೇಲಿನಿಂದಲೇ ಬಿಚ್ಚಬಹುದು, ಎಲ್ಲಾ ಕಡೆ ಸಿಗುತ್ತವೆ, ಒಂದೇ ಮಧ್ಯಾಹ್ನದಲ್ಲಿ ಟ್ಯೂನ್ ಮುಗಿಯಿತು. ದಿನಾ ಓಡಿಸುವವರಿಗೆ ಇದೇ ಸುಲಭ, ಮೈಲೇಜ್ 16. ನಾನು ತೆಗೆದೆ. 1930ರ ಬಾನೆಟ್ ಎತ್ತಿದಾಗ ನನಗೆ ಅಲ್ಲಿ ಆ ಕಾಲದ ವಸ್ತುವೇ ಕಾಣಬೇಕು.

ಈಗ ಗಾಡಿಯ ಮೇಲಿರುವುದು ಮಾಡೆಲ್ ಬಿ ಡಿಸ್ಟ್ರಿಬ್ಯೂಟರ್, ಒಂಟಿ 97. ಜೋಡಿ 81 ಮಾರಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಎಲ್ ಮಿರಾಜ್ ಒಣಕೆರೆಯಲ್ಲಿ ಈಗಲೂ ಹಳೇ ನಾಲ್ಕು ಸಿಲಿಂಡರ್ ಗಾಡಿಗಳು ಸ್ಪೀಡಿಗೆ ಓಡುತ್ತವೆ. ಅಲ್ಲಿ ಕಾಲು ಪೂರ್ತಿ ಒತ್ತಿಯೇ ಇರುತ್ತದೆ, ಐಡಲ್ ಯಾರಿಗೂ ಬೇಡ. ಅಲ್ಲಿಗೆ ಒಯ್ಯುವ ಮುಂಚೆ ಮುಕ್ಕಾಲು ಇಂಚಿನ ಕೊಳವೆ ತೆಗೆದು ಒಂದೂಕಾಲು ಇಂಚಿನದು ಹಾಕಿ, 1 ಮತ್ತು 4ರ ಬಿಳುಪು ಇನ್ನೆಷ್ಟು ಇಳಿಯುತ್ತದೆ ಅಂತ ನೋಡಬೇಕು. ಕೊಳವೆ ತಂದಿಟ್ಟಿದ್ದೇನೆ, ವೆಲ್ಡಿಂಗ್ ಬಾಕಿ ಇದೆ.