ಕಕ್ಕಡದ ಕತ್ತಲಲ್ಲಿ ಫೋಲ್ಡ್‌ಸ್ಕೋಪ್: ಕೊಡಗಿನ ಶಾಲೆಗೆ ಎಷ್ಟು ಒದಗೀತು?

ಮೊದಲೇ ಹೇಳಿಬಿಡಬಹುದು: ಪ್ರೌಢಶಾಲೆಗೆ ಕೊಳ್ಳಿ, ಪಿಯು ಕಾಲೇಜಿಗಾದರೆ ಪ್ರಯೋಗಾಲಯದ ಹಳೆಯ ಸೂಕ್ಷ್ಮದರ್ಶಕವನ್ನು ಮೂಲೆಗೆ ತಳ್ಳಿ ಇದನ್ನು ಕೊಳ್ಳಬೇಡಿ. ಫೋಲ್ಡ್‌ಸ್ಕೋಪ್ ಎಂದರೆ ದಪ್ಪ ಹಾಳೆಯಿಂದ ತುಂಡುಗಳನ್ನು ಬಿಡಿಸಿ ಮಡಚಿ ಜೋಡಿಸುವ ಸೂಕ್ಷ್ಮದರ್ಶಕ. ಕಾನ್ಪುರದ ಐಐಟಿಯಲ್ಲಿ ಓದಿ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿರುವ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿ ಜಿಮ್ ಸಿಬುಲ್ಸ್ಕಿ ಇದನ್ನು ರೂಪಿಸಿದವರು. 2014ರ ಅವರ ಪ್ರಬಂಧದಲ್ಲಿ ಬಿಡಿಭಾಗಗಳ ಖರ್ಚು 1 ಡಾಲರಿಗಿಂತ ಕಡಿಮೆ ಎಂದಿತ್ತು. ಆ ಮಾತನ್ನು ನಂಬಿ ಬಜೆಟ್ ಬರೆಯಬೇಡಿ. ಚಿಮುಟ, ಸ್ಲೈಡ್, ದೀಪ ಎಲ್ಲ ಸೇರಿದ ಪೆಟ್ಟಿಗೆಯ ಬೆಲೆ ಅದರ ಹಲವು ಪಟ್ಟು. ಬರಿಯ ಉಪಕರಣದ್ದು ಬೇರೆ, ಪೆಟ್ಟಿಗೆಯದ್ದು ಬೇರೆ ದರಪಟ್ಟಿ ತರಿಸಿ ನೋಡಿ.

ಒಳಗಿರುವುದು ಒಂದೇ ಮಸೂರ, 2.38 ಮಿ.ಮೀ. ವ್ಯಾಸದ ಗಾಜಿನ ಗೋಲಿ. 17ನೇ ಶತಮಾನದಲ್ಲಿ ಡಚ್ ವಿಜ್ಞಾನಿ ಲೀವನ್‌ಹುಕ್ ಬಳಸಿದ್ದೂ ಹೀಗೆ ಒಂದೇ ಮಸೂರದ ಉಪಕರಣವನ್ನೇ. ವರ್ಧನೆ 140 ಪಟ್ಟು, ಬಿಡಿಬಿಡಿಯಾಗಿ ತೋರಿಸಬಲ್ಲದ್ದು ಸುಮಾರು 2 ಮೈಕ್ರಾನ್‌ವರೆಗೆ (1 ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಪಿಯು ಭೌತಶಾಸ್ತ್ರದ ಉಪನ್ಯಾಸಕರು ಇದನ್ನು ಕರಿಹಲಗೆಯ ಮೇಲೇ ತಾಳೆ ನೋಡಿಸಬಹುದು. ಗಾಜಿನ ವಕ್ರೀಭವನ ಸೂಚ್ಯಂಕ 1.52 ಎಂದಿಟ್ಟುಕೊಳ್ಳಿ. ಸೂಚ್ಯಂಕವನ್ನು ವ್ಯಾಸದಿಂದ ಗುಣಿಸಿ, ಸೂಚ್ಯಂಕದಲ್ಲಿ 1 ಕಳೆದು ಉಳಿದದ್ದರ 4 ಪಟ್ಟಿನಿಂದ ಭಾಗಿಸಿದರೆ ಸಂಗಮ ದೂರ 1.74 ಮಿ.ಮೀ. ಬರುತ್ತದೆ. ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ ಕನಿಷ್ಠ ದೂರವೆಂದು ಹಿಡಿಯುವ 250 ಮಿ.ಮೀ.ಯನ್ನು ಅದರಿಂದ ಭಾಗಿಸಿ, 144 ಸಿಗುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನು ಮಕ್ಕಳೇ ಲೆಕ್ಕ ಮಾಡಿ ಪರೀಕ್ಷಿಸುವ ಅವಕಾಶ ಶಾಲೆಗೆ ಬರುವ ಸಾಮಾನುಗಳಲ್ಲಿ ಎಷ್ಟಕ್ಕಿದೆ?

ತರಗತಿಯಲ್ಲಿ ಏಳುವ ಅರ್ಧ ದೂರುಗಳ ಬೇರು ಇದೇ ಲೆಕ್ಕದಲ್ಲಿದೆ. ಸಂಗಮ ದೂರವನ್ನು ಅಳೆಯುವುದು ಗೋಲಿಯ ನಡುವಿನಿಂದ. ಅದರಲ್ಲಿ ಗೋಲಿಯ ಅರ್ಧ ವ್ಯಾಸ ಕಳೆದರೆ, ಗೋಲಿಯ ಮೈಯಿಂದ ವಸ್ತುವಿಗೆ ಉಳಿಯುವ ಅಂತರ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಗಾಜಿನ ಸ್ಲೈಡಿನ ದಪ್ಪವೇ 1 ಮಿ.ಮೀ. ಹಾಗಾಗಿ ಸ್ಲೈಡನ್ನು ತಿರುವಿ ತೂರಿಸಿದರೆ ಎಷ್ಟು ಸರಿಸಿದರೂ ಚಿತ್ರ ಸ್ಪಷ್ಟವಾಗದು. ವಸ್ತುವಿನ ಮೇಲೆ ಮುಚ್ಚುವ ತೆಳು ಹೊದಿಕೆ, ಅಂದರೆ ಕವರ್‌ಸ್ಲಿಪ್, ಇರುವ ಮೈ ಮಸೂರದ ಕಡೆಗೇ ಇರಬೇಕು. ಕವರ್‌ಸ್ಲಿಪ್ ಎರಡು ಅಂಟಿಕೊಂಡು ಬಂದರೂ ತೊಂದರೆಯೇ. ‘ಏನೂ ಕಾಣಲ್ಲ ಸರ್’ ಎಂದು ಮಗು ಹೇಳಿದಾಗ ಮೊದಲು ನೋಡಬೇಕಾದ್ದು ಸ್ಲೈಡಿನ ಮೈ, ಆಮೇಲೆ ಮಸೂರಕ್ಕೆ ತಗುಲಿದ ಬೆರಳಿನ ಎಣ್ಣೆ, ಕೊನೆಗೆ ಕಣ್ಣಿನ ದೂರ. ಹುಬ್ಬು ಹಾಳೆಗೆ ತಾಗುವಷ್ಟು ಹತ್ತಿರ ಹಿಡಿಯದಿದ್ದರೆ ಕಾಣುವುದು ಬೆಳಕಿನ ಒಂದು ಚುಕ್ಕೆ, ಅಷ್ಟೆ.

ಜೋಡಿಸಲು 40 ನಿಮಿಷದ ಒಂದು ಪೀರಿಯಡ್ ಬೇಕೇ ಬೇಕು. ಅದೇ ಪೀರಿಯಡ್‌ನಲ್ಲಿ ಈರುಳ್ಳಿ ಸಿಪ್ಪೆಯನ್ನೂ ತೋರಿಸಿ ಮುಗಿಸುತ್ತೇವೆ ಎಂದು ಹೊರಟರೆ ಎರಡೂ ಕೆಡುತ್ತವೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಶಾಲೆಯ ಕಪಾಟಿನಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಶತ್ರು ಬೂಷ್ಟು. ಮಸೂರದ ಮೇಲೆ ಜೇಡರ ಬಲೆಯಂಥ ಎಳೆ ಹಬ್ಬಿ ಚಿತ್ರ ಹಾಲು ಕಲಸಿದಂತೆ ಮಂಕಾಗುತ್ತದೆ. ಫೋಲ್ಡ್‌ಸ್ಕೋಪಿನ ಹಾಳೆ ನೀರಿಗೆ ಜಗ್ಗುವುದಲ್ಲ, ಸುಲಭಕ್ಕೆ ಹರಿಯುವುದೂ ಇಲ್ಲ. ಈ ವಿಷಯದಲ್ಲಿ ಅದಕ್ಕೆ ಪೂರ್ತಿ ಅಂಕ. ಹಾಗೆಂದು ಒದ್ದೆಯಲ್ಲೇ ಮುಚ್ಚಿಡಬಾರದು. ಗಾಜು ಯಾವುದಾದರೂ ಬೂಷ್ಟಿಗೆ ಒಂದೇ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ತೇವ ಹೀರುವ ನೀಲಿ ಸಿಲಿಕಾ ಜೆಲ್ ಒಂದು ಹಿಡಿ ಸಾಕು. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸುಮಾರು 110 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿ ಮತ್ತೆ ಹಾಕಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ನೀಲಿ ಜೆಲ್‌ನಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ.

ತೇವವನ್ನು ಗೆದ್ದ ಈ ಉಪಕರಣ ಬೆಳಕಿಗೆ ಸೋಲುತ್ತದೆ. ಬಯಲುಸೀಮೆಯಲ್ಲಿ ಕಿಟಕಿಯತ್ತ ಹಿಡಿದರೆ ನಡೆಯುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕಿಕೊಂಡು ಪಾಠ ಮಾಡುವ, ಆ ದೀಪವೂ ಕರೆಂಟ್ ಹೋಗಿ ಆರುವ ಊರುಗಳಲ್ಲಿ ನಡೆಯದು. ದೀಪವಿಲ್ಲದ ಅಗ್ಗದ ಮಾದರಿ ಕೊಂಡ ಶಾಲೆ ಪ್ರತಿ ಜೋಡಿ ಮಕ್ಕಳಿಗೆ ಒಂದು ಸಣ್ಣ ಎಲ್‌ಇಡಿ ಟಾರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಟಾರ್ಚಿನ ಬಾಯಿಗೆ ಟಿಶ್ಯೂ ಕಾಗದವನ್ನು ಎರಡು ಮಡಿಕೆ ಮಾಡಿ ಅಂಟಿಸಿ, ಬೆಳಕು ಸಮನಾಗಿ ಹರಡುತ್ತದೆ, ಕಣ್ಣಿಗೂ ಹಿತ. ಬಿಸಿಲು ಬಂದ ದಿನ ಸೂರ್ಯನತ್ತ ನೇರವಾಗಿ ಹಿಡಿದು ನೋಡಲು ಯಾರಿಗೂ ಬಿಡಬಾರದು.

ಏನು ನೋಡಬಹುದು ಎಂಬಲ್ಲಿ ಕೊಡಗು ಶ್ರೀಮಂತ. ಪಠ್ಯದ ಈರುಳ್ಳಿಗಿಂತ ಶಾಲೆಯ ಕಾಂಪೌಂಡಿನ ಹಾವಸೆ ಸುಲಭ. ಅದರ ಎಲೆ ಬಹುಪಾಲು ಒಂದೇ ಜೀವಕೋಶದಷ್ಟು ದಪ್ಪ, ಕೊಯ್ಯುವ ಕೆಲಸವೇ ಇಲ್ಲ. ಒಂದು ಎಲೆ, ಒಂದು ಹನಿ ನೀರು, ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿದರೆ ಹಸಿರು ಚುಕ್ಕೆಗಳು ತುಂಬಿದ ಕೋಶಗಳು ಸಾಲಾಗಿ ಕಾಣುತ್ತವೆ. ನೇರವಾಗಿ ಬೀಳಿಸಿದರೆ ಗಾಳಿಗುಳ್ಳೆ ಸೇರುತ್ತದೆ. ದಪ್ಪ ಕಪ್ಪು ಅಂಚಿನ ಆ ವೃತ್ತವನ್ನೇ ಮಕ್ಕಳು ಜೀವಕೋಶವೆಂದು ಬರೆದುಕೊಂಡು ಬರುತ್ತಾರೆ. ಈರುಳ್ಳಿಯೇ ಬೇಕೆಂದರೆ ಒಳಮೈಯ ಪೊರೆಯನ್ನು ಅರ್ಧ ಸೆಂ.ಮೀ. ಚೌಕಕ್ಕೆ ಕತ್ತರಿಸಿ, ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್‌ನ 1 ಭಾಗಕ್ಕೆ 5 ಭಾಗ ನೀರು ಬೆರೆಸಿ ಒಂದು ಹನಿ ಹಾಕಿ. ಎರಡು ನಿಮಿಷ ಬಿಟ್ಟು ನೋಡಿದರೆ ಕೋಶಕೇಂದ್ರ ಎದ್ದು ಕಾಣುತ್ತದೆ.

ಇದಕ್ಕಾಗಿಯೇ ಹುಟ್ಟಿದಂತಿರುವ ವಸ್ತು ಕಾಫಿಯ ಎಲೆತುಕ್ಕು. ಅರೇಬಿಕಾ ಎಲೆಯ ಅಡಿಮೈಯಲ್ಲಿರುವ ಕಿತ್ತಳೆ ಪುಡಿಗೆ ಸೆಲ್ಲೋಟೇಪನ್ನು ಹಗುರವಾಗಿ ಮುಟ್ಟಿಸಿ ಸ್ಲೈಡಿಗೆ ಅಂಟಿಸಿದರೆ ಮುಗಿಯಿತು. ಒತ್ತಿ ಎತ್ತಿದರೆ ಬೀಜಾಣುಗಳು ಗುಪ್ಪೆಯಾಗಿ ಬರಿಯ ಕಂದು ಮುದ್ದೆ ಕಾಣುತ್ತದೆ. ಒಂದೊಂದು ಬೀಜಾಣು ಸುಮಾರು 30 ಮೈಕ್ರಾನ್, ಕಿತ್ತಳೆಯ ತೊಳೆಯ ಆಕಾರ. ಬೆನ್ನು ಮುಳ್ಳುಮುಳ್ಳು, ಹೊಟ್ಟೆ ನುಣುಪು. ಶಿಲೀಂಧ್ರಕ್ಕೆ ಹೆಮಿಲಿಯ ಎಂಬ ಹೆಸರು ಬಂದದ್ದೇ ಈ ಅರ್ಧ ನುಣುಪಿನಿಂದ. 140 ಪಟ್ಟಿನಲ್ಲಿ ಆಕಾರ ಖಚಿತವಾಗಿ ತಿಳಿಯುತ್ತದೆ, ಮುಳ್ಳು ಮಸುಕು. ಸಿಲೋನಿನ ಕಾಫಿ ತೋಟಗಳನ್ನು 1869ರಿಂದ ಮುಂದೆ ಹಾಳುಗೆಡವಿದ್ದು ಇದೇ ಪುಡಿ ಎಂದು ತೋಟದ ಮನೆಯ ಮಗುವಿಗೆ ಹೇಳಿ ಸ್ಲೈಡ್ ಕೈಗಿಟ್ಟರೆ ಶಿಲೀಂಧ್ರದ ಪಾಠಕ್ಕೆ ಬೇರೆ ಪೀಠಿಕೆ ಬೇಡ. ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸಿದ ಎಲೆಯಾದರೆ ಮುಟ್ಟಿದ ಮೇಲೆ ಕೈ ತೊಳೆಸಿ.

10ನೇ ತರಗತಿಯ ಪತ್ರರಂಧ್ರಕ್ಕೆ ಕಾಫಿ ಎಲೆಯ ಪೊರೆ ಬಿಡಿಸಲು ಹೋದರೆ ಬರುವುದಿಲ್ಲ. ಅಡಿಮೈಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ ಟೇಪಿನಿಂದ ಅಚ್ಚು ಎತ್ತಬೇಕು. ಮಳೆಗಾಲದಲ್ಲಿ ಹತ್ತು ನಿಮಿಷಕ್ಕೆ ಒಣಗೀತೆಂದು ಕಾಯಬೇಡಿ, ಬೆಳಿಗ್ಗೆಯೇ ಬಳಿದಿಡಿ. ತುಕ್ಕಿನ ಶಿಲೀಂಧ್ರ ಎಲೆಯೊಳಗೆ ಹೊಗುವುದೂ ಇದೇ ರಂಧ್ರಗಳಿಂದ, ಹಾಗಾಗಿ ಎರಡು ಸ್ಲೈಡುಗಳನ್ನೂ ಒಂದೇ ದಿನ ತೋರಿಸುವುದು ಲೇಸು. ಗದ್ದೆಯ ನೀರಿನ ಪ್ಯಾರಮೀಸಿಯಂ ಕೂಡ ಚೆನ್ನಾಗಿ ಕಾಣುತ್ತದೆ, ಆದರೆ ಕಣ್ಣಿಗೆ ಸಿಗುವಷ್ಟರಲ್ಲಿ ಓಡಿಬಿಡುತ್ತದೆ. ಹತ್ತಿಯ ನಾಲ್ಕು ಎಳೆ ಹಾಕಿದರೆ ಅವುಗಳ ನಡುವೆ ಸಿಕ್ಕಿ ನಿಧಾನವಾಗುತ್ತದೆ. ನೀರು ತರಲು ಮಕ್ಕಳನ್ನು ಗದ್ದೆಗೆ ಕಳಿಸುವ ಮುನ್ನ ಇಂಬಳದ ನೆನಪಿರಲಿ.

ಆಗದ ಕೆಲಸಗಳೂ ಇವೆ. ಮೊಸರಿನ ಬ್ಯಾಕ್ಟೀರಿಯದ ಅಗಲ 1 ಮೈಕ್ರಾನಿನ ಆಚೀಚೆ, ಅದು ಇದರ ಮಿತಿಯಿಂದ ಹೊರಗೆ. ಪಿಯು ಪ್ರಾಯೋಗಿಕದ ಈರುಳ್ಳಿ ಬೇರುತುದಿಯ ಕೋಶವಿಭಜನೆಗೆ 400 ಪಟ್ಟಾದರೂ ಬೇಕು. ಇನ್ನೊಂದು ತೊಡಕು, ಒಬ್ಬರು ನೋಡುವಾಗ ಅವರು ಏನನ್ನು ನೋಡುತ್ತಿದ್ದಾರೆಂದು ಮೇಷ್ಟ್ರಿಗೆ ತಿಳಿಯದು. ಅಯಸ್ಕಾಂತದ ತುಣುಕಿನಿಂದ ಮೊಬೈಲಿಗೆ ಅಂಟಿಸುವ ವ್ಯವಸ್ಥೆ ಇದಕ್ಕೆ ಮದ್ದು. ಮೊದಲು ಪ್ಲಾಸ್ಟಿಕ್ ಸ್ಕೇಲಿನ ಮಿಲಿಮೀಟರ್ ಗೆರೆಯ ಫೋಟೊ ತೆಗೆದು, ಝೂಮ್ ಬದಲಿಸದೆ ಬೀಜಾಣುವಿನ ಫೋಟೊ ತೆಗೆದರೆ ಅಳತೆಯನ್ನೂ ಲೆಕ್ಕ ಹಾಕಬಹುದು.

40 ಮಕ್ಕಳ ತರಗತಿಗೆ 20 ಸಾಕು, ಬಿಡಿಯಾಗಿ 2 ಹೆಚ್ಚಿಗೆ ಇರಲಿ. ಕಾಫಿ ಹೂವಿನ ಪರಾಗವನ್ನು ತೋರಿಸುವ ಆಸೆಯಿದ್ದರೆ ಒಂದು ಉಪಾಯ ಬೇಕು. ಹೂಮಳೆ ಬಿದ್ದು ತೋಟ ಬಿಳಿಯಾಗುವ ಹೊತ್ತಿಗೆ ಶಾಲೆಯಲ್ಲಿ ಪರೀಕ್ಷೆಯೋ ರಜೆಯೋ ಇರುತ್ತದೆ, ಹೂ ನಿಲ್ಲುವುದೂ ಮೂರು ನಾಲ್ಕು ದಿನ. ಅಷ್ಟರಲ್ಲಿ ಪರಾಗವನ್ನು ಟೇಪಿಗೆ ಹಿಡಿದು, ಸ್ಲೈಡಿಗಂಟಿಸಿ, ತೋಟದ ಹೆಸರು ಮತ್ತು ತಾರೀಕು ಬರೆದು ಸಿಲಿಕಾ ಜೆಲ್ ಡಬ್ಬದಲ್ಲಿ ಇಟ್ಟರೆ ಜೂನ್‌ನ ಮೊದಲ ಪಾಠಕ್ಕೆ ಸಿಗುತ್ತದೆ.