ಮಾರ್ಚ್‌ನಲ್ಲಿ ಹೋಗ್ಬೇಡಿ, ನವೆಂಬರ್‌ನಲ್ಲಿ ಹೋಗಿ: ಪಕ್ಕದೂರಿನ ಐರಿಷ್ ಕ್ಲಬ್ಬಿನ ಬಗ್ಗೆ

ಮೊದ್ಲೇ ಹೇಳ್ಬಿಡ್ತೀನಿ, ಕ್ಲಬ್ ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಒಂದೆರಡು ಕಡೆ ಬೈದಿದೀನಿ, ಮತ್ತೆ ಮುಂದಿನ ಶುಕ್ರವಾರ ನಾನು ಅಲ್ಲಿಗೇ ಹೋಗ್ಬೇಕು. ಶಿಕಾಗೋ ಕಡೆ ಇರೋರಿಗೆ ಇಂಥ ಐರಿಷ್ ಹೆರಿಟೇಜ್ ಕ್ಲಬ್ ಹುಡುಕೋದು ಕಷ್ಟ ಏನಲ್ಲ, ಹಳೇ ಇಟ್ಟಿಗೆ ಕಟ್ಟಡ, ಕೆಳಗೆ ಮರದ ನೆಲದ ಒಂದು ಹಾಲ್, ಮೂಲೇಲಿ ಪುಟ್ಟ ಬಾರ್, ಗೋಡೆ ತುಂಬ ಯಾರ್ಯಾರ್ದೋ ತಾತ ಮುತ್ತಾತಂದಿರ ಫೋಟೋ. ಎರಡು ವರ್ಷದಿಂದ ಹೋಗ್ತಾ ಇದೀವಿ, ನಾನು, ನನ್ನ ಹೆಂಡ್ತಿ, ಮೂಡ್ ಇದ್ರೆ ಮಗಳು. ನಮ್ಮ ಕನ್ನಡ ಕೂಟದೋರು "ಅಲ್ಲೇನ್ರೀ ನಿಮಗೆ ಕೆಲಸ" ಅಂತ ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೂ ಹೇಳೋ ಬದ್ಲು ಇಲ್ಲೇ ಬರೆದ್ಬಿಡ್ತೀನಿ.

ಫಸ್ಟ್ ಟೈಮ್ ಹೋಗಿದ್ದು ಎಲ್ರ ಥರಾನೇ ಮಾರ್ಚ್‌ನಲ್ಲಿ, ಐರಿಷ್‌ನೋರ ದೊಡ್ಡ ಹಬ್ಬ ಸೇಂಟ್ ಪ್ಯಾಟ್ರಿಕ್ಸ್ ಡೇ ಶನಿವಾರ. ಬೆಳಿಗ್ಗೆ ಡೌನ್‌ಟೌನ್‌ಗೆ ಹೋಗಿ, ಹಬ್ಬಕ್ಕೆ ಅಂತ ಶಿಕಾಗೋ ನದಿಗೆ ಹಸಿರು ಬಣ್ಣ ಹಾಕೋದನ್ನ ನೋಡ್ಕೊಂಡು ಬಂದ್ವಿ, ಅದನ್ನ ಮಾತ್ರ ಒಂದ್ಸಲ ನೋಡ್ಲೇಬೇಕು. 1962ರಿಂದ ನಡೀತಿದೆ, ಮಾಡೋರು ಪ್ಲಂಬರ್‌ಗಳ ಯೂನಿಯನ್ನು, ಕೊಳಚೆ ನೀರು ಎಲ್ಲಿಂದ ಸೋರಿ ನದಿಗೆ ಬರ್ತಿದೆ ಅಂತ ಪತ್ತೆ ಹಚ್ಚೋಕೆ ಬಳಸ್ತಿದ್ದ ಬಣ್ಣದಿಂದ ಹುಟ್ಟಿದ ಐಡಿಯಾ, ದೋಣಿಯಿಂದ ಸುರಿಯೋವಾಗ ಪುಡಿ ಕಿತ್ತಳೆ ಬಣ್ಣ, ನೀರಿಗೆ ಬಿದ್ದ ತಕ್ಷಣ ಗಿಳಿಹಸಿರು. ಸಾಯಂಕಾಲ ಕ್ಲಬ್ಬಿಗೆ ಬಂದ್ವಿ ನೋಡಿ, ಅಯ್ಯೋ ರಾಮ. ಪಾರ್ಕಿಂಗ್‌ಗೆ ಮುಕ್ಕಾಲು ಗಂಟೆ, ಒಳಗಡೆ ಪ್ಲಾಸ್ಟಿಕ್ ಹಸಿರು ಟೋಪಿ ಹಾಕ್ಕೊಂಡು ಮಧ್ಯಾಹ್ನದಿಂದ್ಲೇ ಕುಡಿದಿರೋ ಹುಡುಗ್ರು, ಸ್ಟೇಜ್ ಮೇಲೆ ಯಾರೋ ಪಾಪ ಪಿಟೀಲು ಬಾರಿಸ್ತಿದಾರೆ ಆದ್ರೆ ಕೈ ಆಡೋದು ಬಿಟ್ರೆ ಏನೂ ಗೊತ್ತಾಗಲ್ಲ, ಎಂಟು ಗಂಟೆಗೆ ಊಟ ಖಾಲಿ. ಖಾಲಿ ಆಗದೇ ಇದ್ರೂ ನಮಗೇನೂ ಉಪಯೋಗ ಇರ್ಲಿಲ್ಲ ಬಿಡಿ, ಇದ್ದಿದ್ದು ಬರೀ ಕಾರ್ನ್ಡ್ ಬೀಫ್, ಅಂದ್ರೆ ಉಪ್ಪಲ್ಲಿ ನೆನೆಸಿದ ದನದ ಮಾಂಸ, ಮತ್ತೆ ಕೋಸು. ಅದೂ ಐರ್ಲೆಂಡ್ ಊಟಾನೇ ಅಲ್ವಂತೆ, ಅಲ್ಲಿ ತಿನ್ನೋದು ಹಂದಿ ಮಾಂಸ, ಇಲ್ಲಿಗೆ ವಲಸೆ ಬಂದೋರು ಯಹೂದಿಗಳ ಮಾಂಸದಂಗಡೀಲಿ ಸಿಕ್ಕಿದ್ದನ್ನ ಹಾಕ್ಕೊಂಡು ಅಡ್ಜಸ್ಟ್ ಮಾಡ್ಕೊಂಡಿದ್ದು. ನಾವಿಲ್ಲಿ ಅಮೆರಿಕನ್ ಸ್ಕ್ವಾಷ್ ಹಾಕಿ ಹುಳಿ ಮಾಡ್ತೀವಲ್ಲ, ಹಂಗೆ.

ಬೇಜಾರಾಗಿ ಕೋಟ್ ಹಾಕ್ಕೊಳ್ತಾ ಇದ್ದಾಗ ಬಾಗಿಲ ಹತ್ರ ಟಿಕೆಟ್ ಹರೀತಾ ಕೂತಿದ್ದ ಒಬ್ಬ ಅಜ್ಜಿ "ಇವತ್ತು ಬಂದಿದ್ದೇ ತಪ್ಪು, ನವೆಂಬರ್‌ನಲ್ಲಿ ಬನ್ನಿ, ಯಾರೂ ಇರಲ್ಲ" ಅಂದ್ರು. ಯಾರೂ ಇರಲ್ಲ ಅನ್ನೋದನ್ನ ಇಷ್ಟು ಹೆಮ್ಮೆಯಿಂದ ಹೇಳಿದ್ದು ಕೇಳೇ ನಾವು ಹೋಗಿದ್ದು.

ನವೆಂಬರ್ ಶುಕ್ರವಾರ, ಹೊರಗಡೆ ಗಾಳಿ ಮುಖಕ್ಕೆ ಬಾರಿಸ್ತಿದೆ, ಒಳಗೆ ಮೂವತ್ತು ನಲವತ್ತು ಜನ, ಕೇಲಿ ನಡೀತಿದೆ. ಕೇಲಿ ಅಂದ್ರೆ ಗುಂಪು ಕುಣಿತ, ಕಲಿತಿರ್ಬೇಕು ಅಂತೇನಿಲ್ಲ, ಒಬ್ರು ಮುಂದೆ ನಿಂತು ಹಿಂಗೆ ಹೋಗಿ ಹಂಗೆ ಬನ್ನಿ ಅಂತ ಕೂಗ್ತಿರ್ತಾರೆ. ಮೊದಲ್ನೇದು ವಾಲ್ಸ್ ಆಫ್ ಲಿಮರಿಕ್. ಎರಡು ಜೋಡಿ ಎದುರುಬದುರು ನಿಲ್ಬೇಕು, ಮುಂದೆ ಬರೋದು, ಹಿಂದೆ ಹೋಗೋದು, ಜಾಗ ಬದಲಾಯಿಸೋದು, ಕೈ ಹಿಡಿದು ತಿರುಗೋದು, ಮುಗಿದಾಗ ಆ ಜೋಡೀನ ದಾಟಿ ಮುಂದಿನ ಜೋಡಿ ಎದುರು ನಿಂತಿರ್ತೀರ. ಹಿಂಗಾಗಿ ಹತ್ತು ನಿಮಿಷದಲ್ಲಿ ಹಾಲ್‌ನಲ್ಲಿರೋ ಅರ್ಧ ಜನರ ಕೈ ಹಿಡಿದಾಗಿರುತ್ತೆ, ಎಂಬತ್ತು ವರ್ಷದ ತಾತ, ಹೈಸ್ಕೂಲ್ ಹುಡುಗಿ, ಪೋಲೀಸ್ನೋನು, ಎಲ್ರೂ. ಇದು ನನಗೆ ತುಂಬಾ ನಾಟಿದ್ದು. ಕನ್ನಡ ಕೂಟಕ್ಕೆ ಹದಿನಾಲ್ಕು ವರ್ಷದಿಂದ ಹೋಗ್ತಿದೀನಿ, ಕುರ್ಚಿ ಮೇಲೆ ಕೂತು ಬೇರೆಯವರ ಮಕ್ಕಳ ಡ್ಯಾನ್ಸ್ ನೋಡಿ ಬಿಸಿಬೇಳೆಬಾತ್ ಕ್ಯೂನಲ್ಲಿ ನಿಂತು ಮನೆಗೆ ಬರ್ತೀನಿ, ಅಲ್ಲಿ ಇನ್ನೂ ಅರ್ಧ ಜನರ ಹೆಸರು ಗೊತ್ತಿಲ್ಲ. ಇಲ್ಲಿ ಒಂದೇ ರಾತ್ರಿಗೆ ಬೆವರು ಸುರಿಸ್ಕೊಂಡು ಎಲ್ರ ಕಾಲೂ ತುಳಿದು ಪರಿಚಯ ಆಯ್ತು.

ಅಂದಹಾಗೆ ಇದು ಏನೋ ಸಾವಿರಾರು ವರ್ಷದ ಹಳ್ಳಿ ಸಂಪ್ರದಾಯ ಅಂದ್ಕೊಂಡಿದ್ದೆ. ಹಳ್ಳೀಲಿ ಕುಣಿತ ಇತ್ತು ನಿಜ, ಆದ್ರೆ ಈ ಥರ ಹಾಲ್ ಬುಕ್ ಮಾಡಿ ಕೇಲಿ ಅಂತ ಹೆಸರಿಟ್ಟು ಮೊದಲು ಮಾಡಿದ್ದು 1897ರಲ್ಲಿ, ಅದೂ ಲಂಡನ್‌ನಲ್ಲಿ, ಊರು ಬಿಟ್ಟು ಬಂದಿದ್ದ ಗೇಲಿಕ್ ಲೀಗ್‌ನೋರು, ಐರಿಷ್ ಭಾಷೆ ಉಳಿಸೋಕೆ ಅಂತ ಹುಟ್ಟಿದ ಸಂಘ ಅದು. ಅಂದ್ರೆ ಇದೂ ಒಂಥರಾ ಎನ್ನಾರೈ ಐಟಮ್ಮೇ.

ಡ್ಯಾನ್ಸ್ ಮುಗಿದ್ಮೇಲೆ ಬಾರ್ ಪಕ್ಕ ಸೆಷನ್. ಸ್ಟೇಜ್ ಇಲ್ಲ, ಮೈಕ್ ಇಲ್ಲ, ಏಳೆಂಟು ಜನ ಟೇಬಲ್ ಸುತ್ತ ಕೂತ್ಕೊಂಡು ನಮಗೆ ಬೆನ್ನು ತೋರಿಸ್ಕೊಂಡು ಬಾರಿಸ್ತಾರೆ, ಪಿಟೀಲು, ಕೊಳಲು, ಕೈಯಲ್ಲಿ ಹಿಡಿದು ಒತ್ತೋ ಪುಟ್ಟ ಹಾರ್ಮೋನಿಯಂ ಥರದ ಕನ್ಸರ್ಟಿನಾ, ಬೌರಾನ್ ಅಂತ ನಮ್ಮ ತಮಟೆ ಥರದ ಚರ್ಮದ ವಾದ್ಯ. ಒಬ್ರು ಇಲ್ಲನ್ ಪೈಪ್ಸ್ ಅಂತ ಐರಿಷ್ ಬ್ಯಾಗ್‌ಪೈಪ್ ತರ್ತಾರೆ, ಬಾಯಲ್ಲಿ ಊದೋ ಹಂಗಿಲ್ಲ, ಮೊಣಕೈ ಕೆಳಗೆ ತಿದಿ ಒತ್ತೋದು, ಅದರ ಶ್ರುತಿ ಒಂದೇ ಸಮ ಹಿಡ್ಕೊಂಡಿರುತ್ತೆ. ಶ್ರುತಿ ಅಂದಾಗ ನೆನಪಾಯ್ತು, ಅಲ್ಲೊಬ್ಬ ಹಾಡೋ ಹೆಂಗಸು ಚೀಲದಿಂದ ಶ್ರುತಿಪೆಟ್ಟಿಗೆ ತೆಗೆದ್ರು, ಅಪ್ಪಟ ನಮ್ಮ ಶ್ರುತಿಪೆಟ್ಟಿಗೆ, ಅವರೂ ಅದನ್ನ ಶ್ರುತಿ ಬಾಕ್ಸ್ ಅಂತಾನೇ ಕರೀತಾರೆ, ಐರಿಷ್ ಹಾಡುಗಾರರು ಸುಮಾರು ಜನ ಇದನ್ನ ಬಳಸ್ತಾರಂತೆ. ಸಂಗೀತ ಗೊತ್ತಿರೋರಿಗೆ ಹೇಳ್ಬೇಕಂದ್ರೆ ಜಿಗ್ ಅನ್ನೋ ಕುಣಿತದ ಧಾಟಿ ನಮ್ಮ ತಿಶ್ರ ನಡೆ, ತಕಿಟ ತಕಿಟ ಹಾಕ್ಕೊಂಡು ಕೂತ್ರೆ ಎಲ್ಲೂ ತಪ್ಪಲ್ಲ. ಸ್ಲಿಪ್ ಜಿಗ್‌ಗೆ ಮೂರು ತಕಿಟ. ನನ್ನ ಹೆಂಡ್ತಿ ತೊಡೆ ಮೇಲೆ ತಾಳ ಹಾಕ್ತಿದ್ದನ್ನ ನೋಡಿ ಬೌರಾನ್‌ನೋನು ಕಣ್ಣು ಹೊಡೆದ, ಗುರ್ತಿಗೆ ಕಣ್ರೀ, ತಪ್ಪು ತಿಳ್ಕೋಬೇಡಿ.

ಈ ಧಾಟಿಗಳೆಲ್ಲ ಉಳಿದಿರೋದಕ್ಕೆ ನಮ್ಮ ಶಿಕಾಗೋದ ಒಬ್ಬ ಪೋಲೀಸ್ ಚೀಫ್ ಕಾರಣ, ಅವನ ಫೋಟೋನೇ ಬಾರ್ ಮೇಲಿರೋದು. ಫ್ರಾನ್ಸಿಸ್ ಓನೀಲ್, ಕಾರ್ಕ್ ಕೌಂಟಿಯೋನು, ಹುಡುಗನಾಗಿದ್ದಾಗ ಹಡಗು ಹತ್ತಿ ಓಡಿಹೋಗಿ ಪೆಸಿಫಿಕ್‌ನಲ್ಲಿ ಹಡಗು ಒಡೆದು ದ್ವೀಪದಲ್ಲಿ ಸಿಕ್ಕಾಕ್ಕೊಂಡು ಕೊನೆಗೆ ಇಲ್ಲಿ ಪೋಲೀಸ್ ಸೇರಿ 1901ರಿಂದ 1905ರವರೆಗೆ ಚೀಫ್ ಆಗಿದ್ದ. ಅವನಿಗೆ ನೊಟೇಶನ್ ಬರೆಯೋಕೆ ಬರ್ತಿರ್ಲಿಲ್ಲ, ಊರಿಂದ ಬಂದೋರು ನುಡಿಸಿದ್ದನ್ನ ತಲೇಲಿ ಇಟ್ಕೊಂಡು ಬಂದು ಗುನುಗೋನು, ಜೇಮ್ಸ್ ಓನೀಲ್ ಅಂತ ಇನ್ನೊಬ್ಬ ಪೋಲೀಸ್, ಸಂಬಂಧಿ ಅಲ್ಲ, ಅವನು ಬರ್ಕೊಳೋನು. 1903ರಲ್ಲಿ 1850 ಧಾಟಿಗಳ ಪುಸ್ತಕ ಬಂತು, 1907ರಲ್ಲಿ 1001ರದ್ದು ಇನ್ನೊಂದು. ಆ ಎರಡನೇದನ್ನ ವಾದ್ಯಗಾರರು ಬರೀ "ದ ಬುಕ್" ಅಂತಾರೆ.

ಒಂದ್ಸಲ ಸೆಷನ್‌ನಲ್ಲಿ "ನಿಮ್ಮೂರಿಂದು ಏನಾದ್ರೂ ಹಾಡಿ" ಅಂತ ಗಂಟುಬಿದ್ರು. ನಾನು ಬುದ್ಧಿ ಓಡಿಸಿ, ನಿಮ್ಮ ರಾಸ್‌ಕಾಮನ್ ಕೌಂಟಿಯ ಹೆಣ್ಣುಮಗಳು ಮಾರ್ಗರೆಟ್ ಕಸಿನ್ಸ್ 1919ರಲ್ಲಿ ಮದನಪಲ್ಲೀಲಿ, ನಮ್ಮ ಕೋಲಾರದ ಗಡಿ ದಾಟಿದ್ರೆ ಸಿಗೋ ಊರು, ಅಲ್ಲಿ ಟ್ಯಾಗೋರ್ ಹತ್ರ ಕೂತು ಜನ ಗಣ ಮನಕ್ಕೆ ಸ್ವರ ಬರೆದ್ಲು ಅಂತ ಹೇಳಿ ಫೋನ್‌ನಲ್ಲಿ ಹಾಕಿದೆ. ಟಿಕೆಟ್ ಅಜ್ಜಿ ರಾಸ್‌ಕಾಮನ್‌ನೋರೇ! ಅವರಿಗೇ ಗೊತ್ತಿರ್ಲಿಲ್ಲ. ಅಕಾರ್ಡಿಯನ್‌ನೋನು ಎರಡು ಸಲ ಕೇಳಿ ಬಾರಿಸೇಬಿಟ್ಟ, ನಾವಿಬ್ರು ಕೂತಿದ್ದೋರು ಎದ್ದು ನಿಂತ್ವಿ, ನಾವು ನಿಂತಿದ್ದು ನೋಡಿ ಎಲ್ರೂ ನಿಂತ್ರು, ಬಾರ್‌ನೋನು ಕೈಯಲ್ಲಿದ್ದ ಲೋಟ ಕೆಳಗಿಟ್ಟ.

ಮಂಗಳವಾರ ಐರಿಷ್ ಭಾಷೆ ಕ್ಲಾಸ್ ಇದೆ, ಸುಮ್ನೆ ಕುತೂಹಲಕ್ಕೆ ಎಂಟು ವಾರ ಹೋದೆ. ಕ್ಲಾಸ್‌ನಲ್ಲಿ ಅಮೆರಿಕದೋರು ತಲೆ ಕೆರ್ಕೊಳ್ತಿದ್ದ ಕಡೆ ನನಗೆ ಸಲೀಸು. ಅವರ ಭಾಷೇಲಿ "ಹೌದು, ಇಲ್ಲ" ಅಂತ ಒಂಟಿ ಪದ ಇಲ್ಲ, ಊಟ ಆಯ್ತಾ ಅಂದ್ರೆ ನಾವು ಆಯ್ತು ಅಂತೀವಲ್ಲ, ಹಂಗೇ ಕ್ರಿಯಾಪದಾನೇ ತಿರುಗಿಸಿ ಹೇಳೋದು. ನಾನು ಹಸಿದಿದ್ದೀನಿ ಅನ್ನಲ್ಲ, ಹಸಿವು ನನ್ನ ಮೇಲಿದೆ ಅಂತಾರೆ, ನಮಗೆ ಹಸಿವಾಗುತ್ತಲ್ಲ ಹಂಗೆ. ಪುಸ್ತಕ ನನ್ನ ಹತ್ರ ಇದೆ, ಇದೂ ಸೇಮ್. ನಮಸ್ಕಾರಕ್ಕೆ ಡೀಯ ಗ್ವಿಚ್, ಅಂದ್ರೆ ದೇವರು ನಿನಗಿರಲಿ, ಅದಕ್ಕೆ ಎದುರು ದೇವರೂ ಮೇರಿ ತಾಯೀನೂ ನಿನಗಿರಲಿ ಅಂತ ಒಂದು ಹೆಚ್ಚೇ ವಾಪಸ್ ಕೊಡ್ಬೇಕು, ನಮ್ಮಜ್ಜಿ ಮನೇಲಿ ಶರಣು ಅಂದ್ರೆ ಶರಣಾರ್ಥಿ ಅಂತಿದ್ರು ನೋಡಿ. ಆದ್ರೆ ಕ್ರಿಯಾಪದ ವಾಕ್ಯದ ಮೊದಲಿಗೇ ಬರುತ್ತೆ, ಸ್ಪೆಲ್ಲಿಂಗ್ ಅಂತೂ ಯಾವ ಜನ್ಮದ ವೈರಾನೋ, ಹತ್ತು ಅಕ್ಷರ ಬರೆದು ನಾಲ್ಕು ಓದೋದು. ಎಂಟು ವಾರಕ್ಕೆ ಕೈ ಮುಗಿದೆ.

ವಂಶವೃಕ್ಷದ ಸಂಜೆ ಎರಡು ತಿಂಗಳಿಗೊಂದ್ಸಲ ಇರುತ್ತೆ, ನಮಗೆ ಅಲ್ಲಿ ಏನೂ ಕೆಲಸ ಇಲ್ಲ ಆದ್ರೂ ಒಂದ್ಸಲ ಕೂತು ನೋಡಿ. 1922ರಲ್ಲಿ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಸರ್ಕಾರಿ ದಾಖಲೆ ಕಚೇರಿ ಸುಟ್ಟು ಬೂದಿಯಾಯ್ತು, ಹಳೇ ಜನಗಣತಿ ಪೂರ್ತಿ ಉಳಿದಿರೋದು 1901 ಮತ್ತು 1911ರದ್ದು ಮಾತ್ರ. ಅದಕ್ಕಿಂತ ಹಿಂದೆ ಹೋಗ್ಬೇಕಂದ್ರೆ ಚರ್ಚಿನ ರಿಜಿಸ್ಟ್ರು, ಕಂದಾಯದ ಪಟ್ಟಿ. 1845ರಲ್ಲಿ ಶುರುವಾದ ಆಲೂಗಡ್ಡೆ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು ಇನ್ನೂ ಅಷ್ಟೇ ಜನ ಊರು ಬಿಟ್ಟಿದ್ದು, ಆ ಊರು ಬಿಟ್ಟೋರ ಮರಿಮಕ್ಕಳು ಒಂದು ಹೆಸರಿಗೋಸ್ಕರ ಮೂರು ಗಂಟೆ ಸ್ಕ್ರೀನ್ ದಿಟ್ಟಿಸ್ತಾ ಕೂತಿರ್ತಾರೆ. ನಮ್ಮ ಕಡೆ ಹೆಳವರು ಎತ್ತು ಹೊಡ್ಕೊಂಡು ಮನೆ ಬಾಗಿಲಿಗೇ ಬಂದು ಏಳು ತಲೆಮಾರು ಹೇಳಿ ಒಂದು ಸೇರು ಜೋಳ ತಗೊಂಡು ಹೋಗ್ತಿದ್ರು, ಅಪ್ಪ ಒಂದ್ಸಲಾನೂ ಬರೆದಿಟ್ಕೊಳ್ಳಲಿಲ್ಲ.

ಊಟದ ವಿಷಯ, ವೆಜ್‌ನೋರು ಕೇಳಿ. ಸೋಡಾ ಬ್ರೆಡ್ ತಿನ್ನಿ, ಮಜ್ಜಿಗೆ ಮತ್ತೆ ಅಡುಗೆ ಸೋಡಾ ಹಾಕಿ ಮಾಡೋದು, ಬೆಣ್ಣೆ ಸವರಿ ಕೊಡ್ತಾರೆ, ಸೂಪರ್. ಕಾಲ್‌ಕ್ಯಾನನ್ ಅಂದ್ರೆ ಆಲೂ ಪಲ್ಯಕ್ಕೆ ಕೋಸು ಬೆಣ್ಣೆ ಸೇರಿಸಿದಂಗೆ, ಒಗ್ಗರಣೆ ಇಲ್ಲ ಅನ್ನೋದೊಂದೇ ಸಂಕಟ, ಬೇಕನ್ ಹಾಕಿದಾರಾ ಅಂತ ಮಾತ್ರ ಕೇಳ್ಕೊಳ್ಳಿ. ಸೂಪ್ ಬೇಡ, ಕೋಳಿ ಸ್ಟಾಕ್ ಇರುತ್ತೆ. ಟೀ ಮಾತ್ರ ಅಮೆರಿಕದಲ್ಲಿ ನಾನು ಹೊರಗೆ ಕುಡಿದಿರೋದ್ರಲ್ಲೇ ಬೆಸ್ಟ್, ಕಡಕ್, ಹಾಲು ಹಾಕಿ, ಇಲಿ ಮೇಲೆ ಓಡಾಡೋ ಅಷ್ಟು ಗಟ್ಟಿ ಇರ್ಬೇಕು ಅಂತಾರೆ ಅವರು.

ಬೈಯೋದು ಬೈದ್ಬಿಡ್ತೀನಿ. ಕ್ಯಾಲೆಂಡರ್ ಯಾವತ್ತೂ ಅಪ್‌ಡೇಟ್ ಇರಲ್ಲ, ಫೆಬ್ರವರಿ 1ರ ಸೇಂಟ್ ಬ್ರಿಜಿಡ್ ಹಬ್ಬಕ್ಕೆ ಮಗಳಿಗೆ ಶಿಲುಬೆ ಹೆಣೆಯೋದು ಕಲಿಸ್ತಾರೆ ಅಂತ ಹಿಮದಲ್ಲಿ ಗಾಡಿ ಓಡಿಸ್ಕೊಂಡು ಹೋದ್ರೆ ಬೀಗ. ಹೀಟರ್ ಅರ್ಧ ದಿನ ಕೆಲಸ ಮಾಡಲ್ಲ. ಬಾರ್‌ನಲ್ಲಿ ಕ್ಯಾಶ್ ಮಾತ್ರ. ಕಮಿಟೀಲಿ ಎರಡು ಪಾರ್ಟಿ, ಯಾವ ಬ್ಯಾಂಡ್ ಕರೆಸ್ಬೇಕು ಅಂತ ವರ್ಷಗಟ್ಟಲೆ ಜಗಳ, ಇದರಲ್ಲಿ ಮಾತ್ರ ನಮ್ಮ ಕೂಟಕ್ಕೂ ಅವರಿಗೂ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಮಕ್ಕಳ ಸ್ಟೆಪ್ ಡ್ಯಾನ್ಸ್ ಸ್ಪರ್ಧೆ ಇದ್ದ ದಿನ ಹೋಗ್ಬೇಡಿ, ಗುಂಗುರು ವಿಗ್ಗು, ಲಕ್ಷ ರೂಪಾಯಿ ಡ್ರೆಸ್ಸು, ತಾಯಂದಿರ ಟೆನ್ಶನ್ನು, ಅರಂಗೇಟ್ರಂ ನೋಡಿರೋರಿಗೆ ಇದರಲ್ಲಿ ಹೊಸದೇನಿಲ್ಲ.

ಐದಕ್ಕೆ ನಾಲ್ಕು ಸ್ಟಾರ್, ಮಾರ್ಚ್‌ಗೆ ಒಂದೂವರೆ. ಶುಕ್ರವಾರ ಏಳೂವರೆ ಅಂದ್ರೆ ಏಳೂವರೆಗೇ ಹೋಗಿ, ಸುಲಭದ ಡ್ಯಾನ್ಸ್ ಎಲ್ಲ ಮೊದಲೇ ಮುಗಿದೋಗುತ್ತೆ, ಎಂಟೂವರೆ ಮೇಲೆ ಸೀಜ್ ಆಫ್ ಎನ್ನಿಸ್ ಶುರುವಾದ್ರೆ ಹೊಸಬ್ರಿಗೆ ಉಸಿರು ಸಿಗಲ್ಲ. ನೋಟು ಇಟ್ಕೊಳ್ಳಿ, ಸ್ವೆಟರ್ ಹಾಕ್ಕೊಳ್ಳಿ, ಮುಂದೆ ಬೆರಳು ಮುಚ್ಚೋ ಶೂ ಹಾಕ್ಕೊಳ್ಳಿ, ನಾನು ಸ್ಯಾಂಡಲ್‌ನಲ್ಲಿ ಹೋಗಿದ್ದ ದಿನ ಆ ಪೋಲೀಸ್ನೋನು ತುಳಿದ ಉಗುರು ಬೆಳೆಯೋಕೆ ನಾಲ್ಕು ತಿಂಗಳು ಹಿಡೀತು.